ಮೇಟ್: ಇಲ್ಲಿ ಸರೀಕ, ಊರಲ್ಲಿ ಮೇಸ್ತ್ರಿ

ಮೆಲ್ಬರ್ನಿನ ನಮ್ಮ ಮನೆಗೆ ನಲ್ಲಿ ರಿಪೇರಿಗೆ ಬಂದವನು ನನ್ನನ್ನು ‘ಮೇಟ್’ ಎನ್ನುತ್ತಾನೆ. ಬ್ಯಾಂಕಿನ ಮ್ಯಾನೇಜರೂ ಹಾಗೆಯೇ. ಹೊಸದಾಗಿ ಬಂದ ನಮ್ಮವರು ಇದನ್ನು ಸ್ನೇಹವೆಂದು ತಿಳಿದು ಹಿಗ್ಗುತ್ತಾರೆ. ಸ್ನೇಹಕ್ಕೂ ಇದಕ್ಕೂ ಅಷ್ಟೇನೂ ಸಂಬಂಧವಿಲ್ಲ. ಹೆಸರು ಮರೆತುಹೋದವನೂ ಮೇಟ್, ಜಗಳಕ್ಕೆ ನಿಂತವನೂ ಮೇಟ್. ಎಳೆದು ಹೇಳಿದರೆ ಅಕ್ಕರೆ. ಹಲ್ಲು ಕಚ್ಚಿ ಮೊಟಕಾಗಿ ಹೇಳಿದರೆ ‘ಸಾಕು, ನಿಲ್ಲಿಸು’ ಎಂಬ ಎಚ್ಚರಿಕೆ. ಕರಾವಳಿಯ ನಮ್ಮ ‘ಮಾರಾಯ’ನೂ ಇಂಥವನೇ. ಮಹಾರಾಯನಾಗಿ ಹುಟ್ಟಿ, ಈಗ ಪ್ರೀತಿಗೂ ಬೇಸರಕ್ಕೂ ದುಡಿಯುತ್ತಿದ್ದಾನೆ.

ಮೂಲದಲ್ಲಿ ಮೇಟ್ ಎಂದರೆ ಜೊತೆಯಲ್ಲಿ ಕೂತು ಉಣ್ಣುವವನು. ಜರ್ಮನ್ ಬಳಗದ ಹಳೆಯ ನುಡಿಯೊಂದರಿಂದ ಇಂಗ್ಲಿಷಿಗೆ ಬಂದದ್ದು. ಈಗ ಮಾಂಸವೆಂದಾಗಿರುವ, ಒಂದು ಕಾಲಕ್ಕೆ ಯಾವುದೇ ಆಹಾರಕ್ಕೂ ಸಲ್ಲುತ್ತಿದ್ದ ‘ಮೀಟ್’ ಪದದ ದಾಯಾದಿ. ಜಾತಿ ನೋಡಿ ಪಂಕ್ತಿ ಹಾಕುತ್ತಿದ್ದ ನಾಡಿನಿಂದ ಬಂದ ನನಗೆ ಈ ಹುಟ್ಟೇ ಇಷ್ಟ. ಆದರೆ ಹಡಗಿನಲ್ಲಿ ಇದೇ ಪದ ಹುದ್ದೆಯಾಯಿತು: ಕ್ಯಾಪ್ಟನ್ನನ ನಂತರದ ಅಧಿಕಾರಿ ಚೀಫ್ ಮೇಟ್. ಭಾರತದಲ್ಲಂತೂ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನ ಮುಖ್ಯಸ್ಥನೇ ಮೇಟ್. ಉದ್ಯೋಗ ಖಾತರಿ ಕೆಲಸದಲ್ಲಿ ಹಾಜರಿ ಹಾಕುವವರೂ ಮೇಟ್. ಕರ್ನಾಟಕ ಇವರಿಗೆ ‘ಕಾಯಕ ಬಂಧು’ ಎಂದು ಹೆಸರಿಟ್ಟಿದೆ. ಮೇಲ್ವಿಚಾರಕನೂ ನಂಟನೇ ಆಗಬೇಕು ನಮಗೆ! ಅಪರಿಚಿತರನ್ನು ಅಣ್ಣನನ್ನೋ ಅಕ್ಕನನ್ನೋ ಮಾಡಿಕೊಳ್ಳದೆ ಮಾತೇ ಹೊರಡದು; ಅಣ್ಣ ಎಂದೊಡನೆ ಹಿರಿದು ಕಿರಿದು ಬಂದೇಬಿಡುತ್ತದೆ.

ಹಾಗೆಂದು ಆಸ್ಟ್ರೇಲಿಯಾದ ಸಮಾನತೆಯನ್ನು ಪೂರ್ತಿ ನಂಬುವವನೂ ನಾನಲ್ಲ. ಪ್ರಧಾನಿ ಜಾನ್ ಹೊವಾರ್ಡ್ 1999ರಲ್ಲಿ ‘ಮೇಟ್‌ಶಿಪ್’ ಅನ್ನು ಸಂವಿಧಾನದ ಪೀಠಿಕೆಗೆ ಸೇರಿಸ ಹೊರಟಾಗ, ಇದು ಗಂಡಸರ ಮಾತು ಎಂಬ ಟೀಕೆ ಬಂತು. ಪದವನ್ನು ಕೈಬಿಟ್ಟರು, ಆ ನವೆಂಬರಿನ ಜನಮತದಲ್ಲಿ ಪೀಠಿಕೆಯೂ ಸೋತಿತು. 2005ರಲ್ಲಿ ಕ್ಯಾನ್ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿ ಯಾರನ್ನೂ ಮೇಟ್ ಎನ್ನಕೂಡದೆಂದು ಆದೇಶವಾಯಿತು. ಯಾವನೋ ದೊಡ್ಡ ಅಧಿಕಾರಿಗೆ ಇರಿಸುಮುರಿಸಾಗಿತ್ತು, ಅಷ್ಟೆ. ರಾಜಕಾರಣಿಗಳೇ ಗೇಲಿ ಮಾಡಿದ ಮೇಲೆ ಆದೇಶ ಬಂದಷ್ಟೇ ಬೇಗ ಹಿಂದೆ ಸರಿಯಿತು.

ಕಚೇರಿಯಲ್ಲಿ ನನ್ನ ಒಲವು ಮೇಟ್‌ನ ಕಡೆಗೇ. ಅಣ್ಣ ಎಂದು ಕರೆದವನಿಗೆ ‘ನಿನ್ನ ಲೆಕ್ಕ ತಪ್ಪು’ ಎನ್ನುವುದು ಕಷ್ಟ, ಮೇಟ್‌ಗೆ ಹೇಳುವುದು ಸುಲಭ. ಪಕ್ಕದ ಮನೆಯ ಎಂಬತ್ತರ ಅಜ್ಜಿಯ ಮುಂದೆ ಮಾತ್ರ ಸೋಲುತ್ತೇನೆ. ಆಕೆ ಸಲೀಸಾಗಿ ಮೇಟ್ ಎನ್ನುತ್ತಾಳೆ. ನನಗೆ ಆಕೆಯನ್ನು ಹಾಗೆ ಕರೆಯಲು ಬಾಯಿ ಬರುವುದಿಲ್ಲ, ಹೆಸರು ಹಿಡಿದು ಕರೆಯಲೂ ಆಗದು. ಬೇಲಿಯ ಈಚೆಯಿಂದ ಬರೀ ‘ಹಲೋ’ ಎಂದು ಮುಗಿಸುತ್ತೇನೆ.