ಸ್ವಂತ ಬಿಲ್ಲು, ಊರವರ ಕೈ

ಕ್ಲಬ್ಬಿನ ಬಿಲ್ಲು ಹಿಡಿದು ನಾಲ್ಕು ತಿಂಗಳಾದರೆ ಸ್ವಂತದ್ದರ ಹುಚ್ಚು ಹತ್ತುತ್ತದೆ. ಹತ್ತಲಿ. ತಂಟೆ ಇರುವುದು ಪೌಂಡಿನಲ್ಲಿ, ಅಂದರೆ ಬಿಲ್ಲು ಎಳೆಯಲು ಬೇಕಾದ ಬಲದಲ್ಲಿ. ಕ್ಲಬ್ಬಿನದು 20 ಪೌಂಡು, ನಮ್ಮದು 40 ಇರಲಿ ಎಂದು ಧಾರವಾಡದ ಗಂಡಾಳು ಆರ್ಡರ್ ಹಾಕಿಬಿಡುತ್ತಾನೆ. ಎಳೆಯುವಾಗ ಬಿಲ್ಲು ಮೊದಲು ಮುಗಿಲು ನೋಡುತ್ತದೆ, ಆಮೇಲೆ ನೆಲ, ಕಡೆಗೆ ಗುರಿ. ರಾತ್ರಿ ಭುಜಕ್ಕೆ ಎಣ್ಣೆ ತಿಕ್ಕುತ್ತ ಮನೆಯಾಕೆ ಕೇಳುತ್ತಾಳೆ: "ಹಗ್ಗಾ ಎಳ್ಯಾಕ ಇಷ್ಟ್ ರೊಕ್ಕಾ ಕೊಟ್ರೇನ್ರಿ?"

ಒಮ್ಮೆಗೆ 4 ಪೌಂಡು ಏರಿಸಿದರೆ ಸಾಕು. ಎಳೆತ, ಅಂದರೆ ದಾರವನ್ನು ಹಿಂದಕ್ಕೆ ಎಳೆಯುವ ಉದ್ದ, ತಿಳಿಯಲು ಎರಡೂ ಕೈ ಚಾಚಿ, ನಡುಬೆರಳಿನ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿ. 170 ಸೆಂ.ಮೀ. ಬಂದರೆ ನಿಮ್ಮ ಎಳೆತ 68 ಸೆಂ.ಮೀ., ಹೆಚ್ಚುಕಡಿಮೆ 27 ಇಂಚು. ಲಿಂಬು ಅಂದರೆ ಬಿಲ್ಲಿನ ಬಾಗುವ ತೋಳು; ಅದರ ಮೇಲೆ ಬರೆದಿರುವ ಪೌಂಡು 28 ಇಂಚಿನ ಎಳೆತಕ್ಕೆ. ಇಂಚು ಕಡಿಮೆಯಾದರೆ ಸುಮಾರು 2 ಪೌಂಡು ಇಳಿಯುತ್ತದೆ. ಅಂದರೆ 24ರ ಲಿಂಬು ನಿಮ್ಮ ಕೈಗೆ 22. ಈ ಎಳೆತಕ್ಕೆ 25 ಇಂಚಿನ ರೈಸರ್ (ನಡುವಿನ ಹಿಡಿಕೆ), ಮೀಡಿಯಂ ಉದ್ದದ ಲಿಂಬು, ಒಟ್ಟು 68 ಇಂಚಿನ ಬಿಲ್ಲು ಸರಿ. ರೊಕ್ಕ ರೈಸರ್‌ಗೆ ಸುರಿಯಿರಿ, ಅದು ವರ್ಷಗಟ್ಟಲೆ ಬಾಳುತ್ತದೆ. ಲಿಂಬು ಅಗ್ಗದ್ದೇ ಇರಲಿ, ಹೇಗೂ ಬದಲಿಸುವುದೇ.

ಬಾಣದ ನಂಬರು ಇನ್ನೊಂದು ಮೋಸ. ಸ್ಪೈನ್ ಅಂದರೆ ಬಾಣ ಎಷ್ಟು ಬಾಗುತ್ತದೆ ಎಂಬ ಅಳತೆ. 500 ಅಂದರೆ ಗಟ್ಟಿ, 1000 ಅಂದರೆ ಬಳುಕು. ನಂಬರು ಏರಿದಷ್ಟೂ ಮೆತ್ತಗೆ. ಇಷ್ಟು ಹಗುರ ಬಿಲ್ಲಿಗೆ 1000ದ ಆಸುಪಾಸಿನದೇ ಬೇಕು. ಜಂಬಕ್ಕೆ 500 ತಂದರೆ ಬಲಗೈಯವರ ಬಾಣವೆಲ್ಲ ಎಡಕ್ಕೆ. ಆಗ ಬೈಗುಳ ಗಾಳಿಗೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ನಿಜವಾದ ಗಂಡಾಂತರ ಚಹಾಕ್ಕೆ ಬರುವ ಕಾಕಾನದು. "ಏ ತಮ್ಮಾ, ಕೊಡಿಲ್ಲೆ, ಅರ್ಜುನ ಏನ್ ಮಾಡಿದ್ನ ನೋಡೂಣು" ಎಂದು ಬಾಣವಿಲ್ಲದ ಬಿಲ್ಲನ್ನು ಕಿವಿತನಕ ಎಳೆದು ಫಟ್ಟನೆ ಬಿಡುತ್ತಾರೆ. ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ಲಿಂಬಿಗೇ ವಾಪಸು. ಲಿಂಬು ಸೀಳಬಹುದು, ತಿರುಚಿಕೊಳ್ಳಬಹುದು. ಕಾಕಾ ಮಾತ್ರ ಚಹಾ ಮುಗಿಸಿ, "ಭಾಳ ಹಗರ್ ಐತಲ್ಲೋ!" ಎಂದು ಹೊರಡುತ್ತಾರೆ.

ಹಿರಿಯರಿಗೆ ಬೇಡ ಅನ್ನಲಾಗದು. ಹಾಗಾಗಿ ಅಭ್ಯಾಸ ಮುಗಿದ ಕೂಡಲೇ ದಾರ ಇಳಿಸಿ, ಬಿಲ್ಲು ಬಿಚ್ಚಿ ಚೀಲಕ್ಕೆ ಹಾಕಿ. ದಾರ ಏರಿಸುವ ಸಾಧನ ಸ್ಟ್ರಿಂಗರ್, ಅದನ್ನು ಬೇರೆ ಕಡೆ ಬಚ್ಚಿಡಿ. ಅದಿಲ್ಲದೆ ಕಾಲಸಂದಿಯಲ್ಲಿ ಬಗ್ಗಿಸಿ ದಾರ ಏರಿಸುವ ಶೂರರೂ ಇದ್ದಾರೆ. ಲಿಂಬು ತಿರುಚುವ ಇನ್ನೊಂದು ದಾರಿ ಅದು. ಗದಗಿನ ಬೇಸಿಗೆಯಲ್ಲಿ ಬಿಲ್ಲನ್ನು ಕಾರಿನಲ್ಲೇ ಬಿಟ್ಟು ಮದುವೆ ಊಟಕ್ಕೆ ಹೋಗುವುದು ಮತ್ತೊಂದು. ಕಾವಿಗೆ ಲಿಂಬಿನ ಪದರ ಬಿಟ್ಟುಕೊಳ್ಳುತ್ತದೆ.

ಕಾಕಾ ಕೈಯಾಡಿಸಿ ಹೋದಮೇಲೆ ಒಂದು ಹತ್ತಿಯುಂಡೆ ತಗೊಂಡು ಲಿಂಬಿನ ಎರಡೂ ಬದಿ, ಅಂಚು ಸವರಿ. ಎಳೆ ಸಿಕ್ಕಿಕೊಂಡಲ್ಲಿ ಬಿರುಕು ಇರಬಹುದು. ಸಿಕ್ಕಿಕೊಂಡರೆ ಆ ಬಿಲ್ಲಿಗೆ ದಾರ ಏರಿಸಬೇಡಿ, ಕೋಚ್‌ಗೆ ತೋರಿಸಿ. ಹಾವೇರಿ ಸೀಮೆಯಲ್ಲಿ ಹತ್ತಿಗೇನೂ ಬರವಿಲ್ಲ, ಕಾಕಾಗಳಿಗೂ.