ಕೊಟ್ಟೋರೂ ಅವರೇ, ಕಿತ್ಕೊಳ್ಳೋರೂ ಅವರೇ

ನಿಮ್ಮ ಲೇಖನದಲ್ಲಿ ಬ್ರಿಟನ್ನಿನ ಟ್ಯಾಕ್ಸ್ ಕ್ರೆಡಿಟ್ (ಕಮ್ಮಿ ಆದಾಯದ ಮನೆಗಳಿಗೆ ಸರ್ಕಾರ ಕೊಡ್ತಿದ್ದ ಸಹಾಯಧನ) ಬಗ್ಗೆ ಬರೀತಾ 'ಜಾಸ್ತಿ ಬಂದ ದುಡ್ಡು ವಾಪಸ್ ಕೊಡೋಕೇನು ಕಷ್ಟ' ಅಂದಿದೀರಲ್ಲ ಸಾರ್, ಆ ಲೆಕ್ಕ ಹೆಂಗಿತ್ತು ಅಂತಾನೂ ಬರೀಬೇಕಿತ್ತು. 2003ರ ಏಪ್ರಿಲಲ್ಲಿ ಗಾರ್ಡನ್ ಬ್ರೌನ್ ಫೈನಾನ್ಸ್ ನೋಡ್ಕೊಳ್ತಿದ್ದಾಗ ಬಂದ ಸ್ಕೀಮು, ಹಳೇ ಆದಾಯ ನೋಡಿ ದುಡ್ಡು ಹಾಕೋದು, ವರ್ಷ ಮುಗಿದ್ಮೇಲೆ ನಿಜವಾದ ಆದಾಯ ನೋಡಿ ಮತ್ತೆ ಲೆಕ್ಕ ಹಾಕೋದು, ಅಷ್ಟರಲ್ಲಿ ಗಂಡನಿಗೆ ಒಳ್ಳೆ ಕೆಲಸ ಸಿಕ್ಕಿದ್ರೆ ಇಲ್ಲಾ ಮಗುನ ಡೇಕೇರ್‌ನಿಂದ ಬಿಡಿಸಿದ್ರೆ ಮನೆಯವರು ಸಾಲಗಾರರು! ಮೊದಲ ವರ್ಷಾನೇ ಸುಮಾರು 220 ಕೋಟಿ ಪೌಂಡ್ ಹೆಚ್ಚಿಗೆ ಹೋಗಿತ್ತು. ಅಷ್ಟೂ ಜನ ಕಳ್ಳರಾ? ಗಲಾಟೆ ಆದ್ಮೇಲೆ ಆದಾಯ ಏರಿದ್ರೂ ಲೆಕ್ಕಕ್ಕೆ ತಗೊಳ್ದೆ ಬಿಡೋ ಮಿತಿನ 2,500 ಪೌಂಡಿಂದ 25,000ಕ್ಕೆ ಏರಿಸಿದ್ರು, ಮುಂದೆ ಬಂದ ಸರ್ಕಾರ ಮತ್ತೆ ಇಳಿಸ್ತು.

ಇನ್ನು ಕೆಳಗಡೆ ಕಾಮೆಂಟಲ್ಲಿ 'ಬಿಟ್ಟಿ ತಿಂದು ಸೋಂಬೇರಿಗಳಾಗ್ತಾರೆ' ಅಂತಿರೋರಿಗೆ, ಇದರಲ್ಲೇ ಒಂದಾದ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ ಸಿಗ್ತಿದ್ದಿದ್ದೇ ದುಡಿಯೋರಿಗೆ ಕಣ್ರೀ, ಸಂಬಳ ಸಾಲ್ದೇ ಇರೋರಿಗೆ (ಆ ಕಮ್ಮಿ ಸಂಬಳ ಕೊಡೋ ಕಂಪನಿಗಳನ್ನ ಯಾರೂ ಬೈಯಲ್ಲ ಬಿಡಿ). ನೆದರ್ಲೆಂಡ್ಸಲ್ಲಿ ಮಕ್ಕಳ ಡೇಕೇರ್ ಭತ್ಯೆ ವಿಷಯದಲ್ಲಿ ಸಾವಿರಾರು ಅಪ್ಪ ಅಮ್ಮಂದಿರಿಗೆ ಸುಮ್ಸುಮ್ನೆ ಮೋಸಗಾರರು ಅಂತ ಪಟ್ಟ ಕಟ್ಟಿ ವಸೂಲಿಗೆ ಇಳಿದು, ಕೊನೆಗೆ 2021ರ ಜನವರಿಲಿ ಅಲ್ಲಿನ ಪ್ರಧಾನಿ ರುಟ್ಟೆ ಸರ್ಕಾರಾನೇ ರಾಜೀನಾಮೆ ಕೊಡ್ಬೇಕಾಯ್ತು. ಬ್ರಿಟನ್ ಅದರಿಂದ ಏನೂ ಕಲ್ತಂಗೆ ಕಾಣಲ್ಲ. 2025ರ ಏಪ್ರಿಲಲ್ಲಿ ಟ್ಯಾಕ್ಸ್ ಕ್ರೆಡಿಟ್ ಪೂರ್ತಿ ನಿಂತೋಯ್ತು, ಅದರ ಜಾಗಕ್ಕೆ ಬಂದ ಯೂನಿವರ್ಸಲ್ ಕ್ರೆಡಿಟಲ್ಲಿ ಆಫೀಸಿನವರದ್ದೇ ತಪ್ಪಾದ್ರೂ ಜಾಸ್ತಿ ಹೋದ ದುಡ್ಡನ್ನ ವಸೂಲಿ ಮಾಡ್ಬೋದು ಅಂತ ಕಾನೂನೇ ಇದೆ, ಅದನ್ನ ಯಾಕೆ ಬರೀಲಿಲ್ಲ?