ಇವತ್ತು ಫ್ರಿಡ್ಜ್‌ನಲ್ಲಿ ದೋಸೆ ಹಿಟ್ಟಿಲ್ಲ

ಮೊನ್ನೆ ಬೆಳಿಗ್ಗೆ ಅಮ್ಮನ ಇನ್ಸುಲಿನ್ ತರೋಣ ಅಂತ ನಮ್ಮ ಬೀದಿಯ ಮೆಡಿಕಲ್ ಶಾಪ್‌ಗೆ ಹೋದವನು ಅಂಗಡಿ ತಪ್ಪಿ ಬಂದೆನೇನೋ ಅಂದುಕೊಂಡೆ. ನೆಲ ಫಳಫಳ. ಆಯುಧಪೂಜೆಯಿಂದ ಲೈಸೆನ್ಸ್ ಫ್ರೇಮಿನ ಮೇಲೆ ಕೂತಿದ್ದ ಕುಂಕುಮ ಮಾಯ. ಅದಕ್ಕಿಂತ ಹೆಚ್ಚಾಗಿ, ಕೌಂಟರ್ ಹಿಂದೆ ಬಿಳಿ ಕೋಟು ತೊಟ್ಟ ಒಬ್ಬ ಹೆಣ್ಣುಮಗಳು ಕೂತಿದ್ದರು. ನಾಲ್ಕು ವರ್ಷದಿಂದ ಗೋಡೆಯ ಫಾರ್ಮಸಿಸ್ಟ್ ಸರ್ಟಿಫಿಕೇಟ್‌ನಲ್ಲಿ ಅವರ ಫೋಟೋ ನೋಡುತ್ತಿದ್ದೇನೆ. ಜೀವಂತವಾಗಿ ಕಂಡಿದ್ದು ಇದೇ ಮೊದಲು. ಕೈ ತಾನಾಗೇ ಮುಗಿದುಹೋಯ್ತು.

"ಏನಪ್ಪಾ ವಿಶೇಷ?" ಅಂದೆ.

"ಡಿ.ಐ. ಬರ್ತಾರೆ ಸಾರ್, ಡ್ರಗ್ ಇನ್ಸ್‌ಪೆಕ್ಟರ್," ಅಂದ ಅಂಗಡಿ ಹುಡುಗ.

"ಮೊದಲೇ ಹೇಳಿ ಬರ್ತಾರಾ?"

"ಅವರು ಹೇಳಲ್ಲ ಸಾರ್. ಗ್ರೂಪಲ್ಲಿ ಬರುತ್ತೆ."

ಕೆಮ್ಮಿನ ಸಿರಪ್ ಗಲಾಟೆ ಆದಮೇಲೆ ತಪಾಸಣೆ ಜೋರಾಗಿದೆ, ಗೊತ್ತಲ್ಲ. ಲೈಸೆನ್ಸ್ ಇರುವ ಪ್ರತಿ ಅಂಗಡಿಯನ್ನೂ ವರ್ಷಕ್ಕೆ ಒಂದು ಸಲವಾದರೂ ನೋಡಬೇಕು ಅಂತ ನಿಯಮವೇ ಇದೆ. ನೋಡಲಿ, ಪಾಪ. ನಾವು ಪ್ರೈಮರಿ ಸ್ಕೂಲಲ್ಲಿದ್ದಾಗ ಇನ್ಸ್‌ಪೆಕ್ಟರ್ ಬರುವ ದಿನ ಮೇಷ್ಟ್ರು ಹೇಳಿಕೊಡುತ್ತಿದ್ದರು: ಏನೇ ಕೇಳಲಿ ಎಲ್ಲರೂ ಕೈ ಎತ್ತಿ, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಸಾಹೇಬರು ಖುಷಿಯಾಗಿ ಕಾಫಿ ಕುಡಿದು ಹೋಗೋರು. ನಾನು ಎಡಗೈ ಪಾರ್ಟಿ. ಒಂದು ಸಲ ಆತುರದಲ್ಲಿ ಬಲಗೈ ಎತ್ತಿ, ಕಾವೇರಿ ಹುಟ್ಟೋದು ಕನ್ನಂಬಾಡಿಯಲ್ಲಿ ಅಂದುಬಿಟ್ಟು ಇಡೀ ಶಾಲೆಯ ಮಾನ ಕಳೆದಿದ್ದೆ.

ಈ ಹುಡುಗ ಆ ಮೇಷ್ಟ್ರಿಗಿಂತ ಜಾಣ. ಎಚ್1 ಔಷಧ, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಕೆಲವು ಆಂಟಿಬಯಾಟಿಕ್ ಥರದವು, ಕೊಟ್ಟಾಗೆಲ್ಲ ರೋಗಿ ಹೆಸರು, ಡಾಕ್ಟರ್ ಹೆಸರು ವಿಳಾಸ, ಎಷ್ಟು ಮಾತ್ರೆ ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಅವನು ಮೂರು ತಿಂಗಳದ್ದನ್ನು ಆ ಒಂದೇ ಬೆಳಿಗ್ಗೆ ಬರೆಯುತ್ತಿದ್ದ. ಮುಂದೆ ಮೂರು ಪೆನ್ನು. ನಾಲ್ಕು ಸಾಲು ನೀಲಿ, ಎರಡು ಸಾಲು ಕಪ್ಪು, ಮಧ್ಯೆ ಒಂದು ಕಡೆ ಪೆನ್ನು ಬರೆಯದೆ ಗೀಚಿದ ಹಾಗೆ. ಕಲೆ ಅಂದ್ರೆ ಇದು.

ಔಷಧದಿಂದ ತೊಂದರೆಯಾದರೆ ತಿಳಿಸೋಕೆ ಅಂತ ಹೊಸದೊಂದು ಕ್ಯೂಆರ್ ಕೋಡ್ ಕೂಡ ಅಂಟಿಸಿದ್ದರು, ದುಡ್ಡು ಕಟ್ಟುವ ಕೋಡ್‌ನ ಪಕ್ಕದಲ್ಲೇ. ಅಜ್ಜ ಒಬ್ಬರು ಅದಕ್ಕೆ ಮೊಬೈಲ್ ಹಿಡಿದು, ನಲವತ್ತು ರೂಪಾಯಿ ಹೋಯ್ತಾ ನೋಡಪ್ಪ ಅಂತ ಕೇಳುತ್ತಿದ್ದರು.

ಸಾಹೇಬರು ಬಂದರು. ಗೋಡೆ ನೋಡಿದರು, ರಿಜಿಸ್ಟರ್ ತಿರುವಿದರು. ಫ್ರಿಡ್ಜ್ ತೆಗೆದರು. ಒಳಗೆ ಹೊಸ ಥರ್ಮಾಮೀಟರ್, ನಾಲ್ಕು ಡಿಗ್ರಿ. ದಿನಾ ಅಲ್ಲಿರುವ ದೋಸೆ ಹಿಟ್ಟು ಅವತ್ತು ಓನರ್ ಮನೆಗೆ ಹೋಗಿತ್ತು. ಲೈಸೆನ್ಸ್ ಇನ್ನೊಂದಡಿ ಮೇಲೆ ಹಾಕಿ ಅಂದರು. ಸುಧಾರಣೆ ಮುಗಿಯಿತು.

ನಗು ಬರುತ್ತೆ, ಅಲ್ವಾ? ನನಗೂ ಬಂತು. ಆಮೇಲೆ ಬರಲಿಲ್ಲ. ಮಧ್ಯಪ್ರದೇಶದ ಛಿಂದ್ವಾಡಾ ಕಡೆ ಆ ಕೆಮ್ಮಿನ ಸಿರಪ್ ಕುಡಿದು ಸತ್ತಿದ್ದು 20ಕ್ಕೂ ಹೆಚ್ಚು ಮಕ್ಕಳು. ಕೆಮ್ಮು ಬಂದಿತ್ತು ಅಷ್ಟೇ. ಆ ಸಿರಪ್‌ನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇತ್ತು ಅಂತ ತಮಿಳುನಾಡಿನ ಲ್ಯಾಬ್ ಹೇಳಿತು. ಅರ್ಧ ಬಾಟಲಿ ವಿಷ. ಹೊಸ ವಿಷವೂ ಅಲ್ಲ, 1986ರಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ 14 ಜನರನ್ನು ಕೊಂದಿದ್ದೂ ಇದೇ. ಅದು ಬೆರೆತದ್ದು ಕಾರ್ಖಾನೆಯಲ್ಲಿ. ಅಲ್ಲಿಗೂ ಯಾರೋ ತಪಾಸಣೆಗೆ ಹೋಗಿರಬೇಕಿತ್ತಲ್ಲ? ಹೋಗಿದ್ದರೆ ಏನು ನೋಡಿದರು, ಗೋಡೆಯನ್ನಾ? ಸಾಕಾಗಿಹೋಗಿದೆ. ಎರಡರಿಂದ ಎಂಟು ಡಿಗ್ರಿಯಲ್ಲಿ ಇಡಬೇಕಾದ ಇನ್ಸುಲಿನ್ ಇರುವ ಫ್ರಿಡ್ಜನ್ನು ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಆಫ್ ಮಾಡ್ತೀವಿ ಅಂತ ಇದೇ ಹುಡುಗ ಹಿಂದೊಮ್ಮೆ ಬಾಯಿ ತಪ್ಪಿ ಹೇಳಿದ್ದ. ಅದನ್ನೇ ನಮ್ಮಮ್ಮ ದಿನಾ ಚುಚ್ಚಿಕೊಳ್ಳೋದು.

ಆ ಗಡಿಬಿಡಿಯಲ್ಲಿ ಇನ್ಸುಲಿನ್ ಸಿಗಲಿಲ್ಲ. ಮರುದಿನ ಸಂಜೆ ಮತ್ತೆ ಹೋದೆ. ಬಿಳಿ ಕೋಟು ಗೋಡೆಯ ಫೋಟೋಗೆ ವಾಪಸ್. ಫ್ರಿಡ್ಜ್‌ನಲ್ಲಿ ದೋಸೆ ಹಿಟ್ಟು ಉಬ್ಬಿ ಡಬ್ಬದ ಮುಚ್ಚಳ ಎತ್ತಿತ್ತು. ಥರ್ಮಾಮೀಟರ್ ಮಾತ್ರ ಕಾಣಲಿಲ್ಲ.

"ಎಲ್ಲಪ್ಪಾ ಅದು?"

"ಮೇನ್ ರೋಡ್ ಅಂಗಡಿಯವರು ಇಸ್ಕೊಂಡು ಹೋದರು ಸಾರ್. ನಾಳೆ ಅವರಲ್ಲಿಗೆ ಬರ್ತಾರಂತೆ."